ಬಾಗಿಲು ತಟ್ಟಿ ಕೇಳುವ ಊರಿನಲ್ಲಿ

ಹುಣಸೂರು: ಪೇಪರಿನಲ್ಲಿ ಬಂದದ್ದು, ಬಾರದ್ದು

ಈ ಮಂಗಳವಾರದ ಪೇಪರಿನ ಒಳಪುಟದಲ್ಲಿ ನಮ್ಮ ಪ್ರವಾಸದ ಸುದ್ದಿ ಬಂದಿದೆ. 'ಕೋಟೆ ತಾಲ್ಲೂಕಿನ ಮಹಿಳೆಯಿಂದ ಸ್ಕಾಟ್ಲೆಂಡಿಗೆ ಪಾಠ' ಎಂದು ತಲೆಬರಹ. ಫೋಟೊದ ನಡುವೆ ಚಿಕ್ಕತಾಯಮ್ಮ, ಎರಡೂ ಬದಿಗೆ ಬಿಳಿಯ ಜನ, ಅಂಚಿನಲ್ಲಿ ನನ್ನ ಅರ್ಧ ಕಿವಿ. ಹಂಪಾಪುರದ ಹತ್ತಿರ ಇಪ್ಪತ್ತೆರಡು ಕೂಲಿ ಕುಟುಂಬಗಳಿಗೆ ನಿವೇಶನದ ಹಕ್ಕುಪತ್ರ ಕೊಡಿಸಿ, ಒಬ್ಬರಿಗೊಬ್ಬರು ದುಡಿದು ಮನೆ ಕಟ್ಟಿಕೊಳ್ಳುವಂತೆ ಮಾಡಿ, ಮಧ್ಯಾಹ್ನ ಎಲ್ಲರೂ ಒಂದೇ ಚಪ್ಪರದಲ್ಲಿ ಉಣ್ಣುವ ಏರ್ಪಾಡು ನಡೆಸುತ್ತಿರುವ ಈಕೆ, ಹಸಿವಿಗೂ ಸೂರಿಗೂ ನಮ್ಮ ಹಳ್ಳಿಯ ಪರಿಹಾರವೇನೆಂದು ಗ್ಲಾಸ್ಗೋ ನಗರದವರಿಗೆ ತಿಳಿಸಿಕೊಟ್ಟರಂತೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ.

ಚಪ್ಪಾಳೆ ನಿಜ. ಎದ್ದು ನಿಂತದ್ದೂ ನಿಜವೇ, ಆದರೆ ಆ ಹೊತ್ತಿಗೆ ಹಿಂದಿನ ಮೇಜಿಗೆ ಟೀ ಬಂದಿತ್ತು.

ಉಳಿದದ್ದಕ್ಕೆ ನನ್ನ ತಕರಾರಿದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಿಗೆ ಊರೂರು ಅಲೆದವಳು ನಾನು. ಯಾರು ಏನು ಹೇಳಿದರೂ ಅದರಲ್ಲಿ ಬಿಟ್ಟದ್ದೇನು ಎಂದು ಹುಡುಕುವುದು ಕೈಗೆ ಹತ್ತಿದ ಚಟ. ಪೇಪರಿನವರು ಬಿಟ್ಟದ್ದು ಇಷ್ಟು: ಇಪ್ಪತ್ತೆರಡು ಮನೆಗಳಲ್ಲಿ ಇಪ್ಪತ್ತೊಂದಕ್ಕೆ ಮಾತ್ರ ಸೂರಿದೆ. ಸೂರಿಲ್ಲದ ಒಂದು ಮನೆ ಚಿಕ್ಕತಾಯಮ್ಮನವರದು.

ಅವರದು ಮುಯ್ಯಾಳು ಪದ್ಧತಿ. ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ, ಕೂಲಿಯ ಮಾತಿಲ್ಲ. ಚುಂಚನಕಟ್ಟೆಯ ಕಡೆ ಭತ್ತದ ನಾಟಿಗೆ ಹೀಗೆ ಹೋಗಿಬರುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದ ಚಿಕ್ಕತಾಯಮ್ಮ ಅದನ್ನೇ ಮನೆ ಕಟ್ಟಲು ತಂದರು. ಗೋಡೆಯನ್ನು ನಾಲ್ಕು ಜನ ಬಿಡುವಾದಾಗ ಏಳಿಸಬಹುದು. ಆದರೆ ಮೋಲ್ಡು, ಅಂದರೆ ಕಾಂಕ್ರೀಟಿನ ತಾರಸಿ, ಬೆಳಿಗ್ಗೆ ಶುರುವಾದರೆ ಸಂಜೆಗೆ ಮುಗಿಯಲೇಬೇಕು. ಅರ್ಧಕ್ಕೆ ನಿಂತರೆ ಆ ಗೆರೆಯಲ್ಲೇ ಸೋರುತ್ತದೆ. ಕೆಳಗೆ, ಏಣಿಯ ಮೇಲೆ, ಮಾಡಿನ ಮೇಲೆ, ಗಾರೆ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಹೋಗಬೇಕು. ಮನೆಗೊಬ್ಬರಾದರೂ ಬಾರದೆ ಆಗದ ಕೆಲಸ ಅದು. ಇಪ್ಪತ್ತೊಂದು ಸಲ ಬಂದರು. ಚಿಕ್ಕತಾಯಮ್ಮ ತಮ್ಮದನ್ನು ಕೊನೆಗೆ ಇಟ್ಟುಕೊಂಡಿದ್ದರು. ಅವರ ಮೋಲ್ಡಿನ ದಿನ ಬಂದವರು ಐದು ಜನ. ಗಾರೆ ಕಲಸುವ ಮಿಷನ್ನು ಬಂದ ದಾರಿಯಲ್ಲೇ ವಾಪಸು ಹೋಯಿತು. ಅದಾದ ಮೇಲೆ, ಊಟ-ಸೂರಿಗಾಗಿ ದುಡಿಯುವವರ ಸಮ್ಮೇಳನವೊಂದಕ್ಕೆ ಗ್ಲಾಸ್ಗೋದಿಂದ ಆಹ್ವಾನ ಬಂತು.

ನಾನು ಇದರೊಳಗೆ ಬಂದದ್ದು ಬಾಗಿಲಿನ ಮೂಲಕ. ನಮ್ಮ ಅಬ್ಬ ಹುಣಸೂರಿನಲ್ಲಿ ಬಡಗಿ. ಆ ಕಾಲೊನಿಯ ಇಪ್ಪತ್ತೆರಡು ಬಾಗಿಲುವಾಡಗಳೂ ಅವರ ಕೈಯವು. ಅಳತೆ ಹಿಡಿಯಲು ಜೊತೆಗೆ ಹೋಗುತ್ತಿದ್ದ ನನ್ನನ್ನು ಚಿಕ್ಕತಾಯಮ್ಮ ಒಂದು ದಿನ ಕೇಳಿದರು.

"ಇಂಗ್ಲೀಸ್ನಲ್ಲಿ ಜಗಳ ಆಡಿ ಕಪ್ಪು ಗೆದ್ದಿದ್ದೀಯಂತಲ್ಲಮ್ಮಿ?"

"ಜಗಳ ಅಲ್ಲ ತಾಯಕ್ಕ, ಚರ್ಚೆ."

"ಯಾವ್ದೋ ಒಂದು. ಜಗಳ ಆಡಕ್ಕೆ ಬಂದ್ರೆ ಮಾತಾಡಕ್ಕೂ ಬತ್ತದೆ. ನಡಿ ನನ್ ಜೊತೆ."

ಹಾಗೆ ನಾನು ದುಭಾಷಿಯಾದೆ. ಇದನ್ನು ಗುರುವಾರ ಸಂಜೆ ಬರೆಯುತ್ತಿದ್ದೇನೆ. ನಾಳೆ ಶುಕ್ರವಾರ, ತಾಯಕ್ಕನ ಮನೆಗೆ ಎರಡನೇ ಸಲ ಮೋಲ್ಡಿನ ದಿನ ಗೊತ್ತಾಗಿದೆ. ಎಷ್ಟು ಜನ ಬರುತ್ತಾರೋ ನನಗೆ ಗೊತ್ತಿಲ್ಲ.

ವಿಮಾನ ನಿಲ್ದಾಣ: ಕೋಲು

ತಾಯಕ್ಕನ ಕೈಚೀಲದಲ್ಲಿ ರಾಗಿ ಹಿಟ್ಟಿತ್ತು, ಹುರುಳಿ ಇತ್ತು, ಮೊಳದುದ್ದದ ಮುದ್ದೆ ಕೋಲೂ ಇತ್ತು. ಹಿಟ್ಟು, ಹುರುಳಿ ದಾಟಿದವು. ಕೋಲು ಬೆಂಗಳೂರಿನ ತಪಾಸಣೆಯಲ್ಲಿ ಸಿಕ್ಕಿಬಿತ್ತು. ಮೊದಲು ನೋಡಿದವನಿಗೆ ಕನ್ನಡ ಬಾರದು. ಅವನು ಕರೆದ ಇನ್ನೊಬ್ಬನಿಗೆ ಬರುತ್ತಿತ್ತು.

"ಏನಮ್ಮಾ ಇದು?"

"ಕೋಲು."

"ಕೋಲು ಅಂತ ಕಾಣ್ತದೆ. ಯಾತಕ್ಕೆ?"

"ಇಟ್ಟು ತಿರುವಕ್ಕೆ ಕಣಪ್ಪ. ಇನ್ಯಾತಕ್ಕೆ, ಡ್ರೈವರ್‌ಗೆ ಬಾರ್‍ಸಕ್ಕಾ?"

ನಾನು ಕಣ್ಣು ಮುಚ್ಚಿಕೊಂಡೆ. ವಿಮಾನ ನಿಲ್ದಾಣದಲ್ಲಿ ಆಡಬಾರದ ಮಾತುಗಳ ಪಟ್ಟಿಯೊಂದು ಇದ್ದರೆ ಇದು ಮೊದಲನೆಯದು. ಆದರೆ ಅವನು ನಕ್ಕುಬಿಟ್ಟ. "ಅಮ್ಮಾ, ನಾನೂ ಪಿರಿಯಾಪಟ್ಟಣದ ಕಡೆಯವ್ನೇ. ಆದ್ರೂ ಇದನ್ನ ಒಳಕ್ಕೆ ಬುಡಕ್ಕಾಗಲ್ಲ."

"ಮುದ್ದೆ ತಿಂದು ಬೆಳ್ದೋನು ಕೋಲಿಗೆ ಹೆದ್ರುಕತೀಯಲ್ಲಪ್ಪ," ಎಂದು ಹೇಳಿ ತಾಯಕ್ಕ ಕೋಲನ್ನು ಅವನ ಕೈಗೇ ಕೊಟ್ಟರು. "ತಕ್ಕೋ, ಮನೇಲಿ ಕೊಡು. ಬಿಸಾಕ್‌ಬ್ಯಾಡ."

ದುಬೈನಲ್ಲಿ ಮುಂದಿನ ವಿಮಾನಕ್ಕೆ ಕಾಯುವಾಗ ನಮಗೆ ವಾದಕ್ಕೆ ಬೇಕಾದಷ್ಟು ಹೊತ್ತಿತ್ತು. ಸಿದ್ದರಾಜಣ್ಣನ ಹೆಸರು ತೆಗೆದವಳು ನಾನೇ. ಕಾಲೊನಿಯ ಮೊದಲನೇ ಮನೆ ಅವರದು. ಅವರ ಮೋಲ್ಡಿನ ದಿನ ತಾಯಕ್ಕ ಜ್ವರದಲ್ಲಿ ನಿಂತು ಸಂಜೆಯವರೆಗೆ ಬಾಂಡ್ಲಿ ಹೊತ್ತಿದ್ದನ್ನು ಅಬ್ಬ ಕಣ್ಣಾರೆ ಕಂಡಿದ್ದರು. ತಾಯಕ್ಕನ ದಿನ ಸಿದ್ದರಾಜಣ್ಣ ಬರಲಿಲ್ಲ. ಅವರು ಬರಲಿಲ್ಲವೆಂದು ಇನ್ನೂ ಕೆಲವರು ಬರಲಿಲ್ಲ.

"ನೀವು ಅವರ ಮನೆಗೆ ಹೋಗಿ ಕೇಳಿದ್ರಾ?"

"ಏನಂತ?"

"ಮೋಲ್ಡಿಗೆ ಬಾ ಅಂತ."

ಬಟ್ಟಲು ಹಿಡಿದು ಬೀದಿಗೆ ನಿಲ್ಲು ಎಂದೆನೇನೋ ಎನ್ನುವಂತೆ ನೋಡಿದರು. "ಚಪ್ಪರದಲ್ಲಿ ಎಲ್ರು ಮುಂದೆ ದಿನ ಹೇಳಿದ್ನಲ್ಲ. ದಿನ ಹೇಳೋದು ಉಂಟು. ಮನೆ ಬಾಗ್ಲಿಗೋಗಿ ಕೇಳುದ್ರೆ ಅದು ಮುಯ್ಯಾ? ಅವ್ನಾಗವ್ನೇ ಬರ್ಬೇಕು. ಕೇಳಿ ಕರ್ಸಿದ್ರೆ ಅದು ಬೇಡಿದಂಗೆ."

"ಕೇಳದೆ ಈ ಲೋಕದಲ್ಲಿ ಏನು ಸಿಕ್ಕಿದೆ ತಾಯಕ್ಕ? ನ್ಯಾಯಬೆಲೆ ಅಂಗಡೀಲಿ ಅಕ್ಕಿ ಕಮ್ಮಿ ತೂಗಿದ್ರೆ ಕೇಳಲ್ವಾ ನೀವು?"

"ಕೇಳ್ತೀನಿ. ಅದು ಸರ್ಕಾರ. ಸರ್ಕಾರಾನ ಕೇಳಕ್ಕೆ ಏನಮ್ಮಿ ನಾಚ್ಕೆ? ಹಕ್ಕುಪತ್ರಕ್ಕೆ ತಾಲ್ಲೂಕಾಪೀಸ್ ಮುಂದೆ ಹನ್ನೊಂದು ದಿನ ಕೂತಿದ್ದೆ. ಸಿದ್ರಾಜ ಸರ್ಕಾರಾನಾ?"

ತೀರ್ಪುಗಾರರಿದ್ದಿದ್ದರೆ ಆ ಸುತ್ತು ತಾಯಕ್ಕನಿಗೇ ಹೋಗುತ್ತಿತ್ತು.

ಗ್ಲಾಸ್ಗೋ, ಬುಧವಾರ: ಹೆಸರು ಕೇಳದ ಊಟ

ಆಷಾಢದಲ್ಲಿ ಪಿರಿಯಾಪಟ್ಟಣಕ್ಕೆ ಹಿಡಿಯುವ ಸೋನೆ ಗ್ಲಾಸ್ಗೋದಲ್ಲಿ ವರ್ಷವಿಡೀ ಇರುತ್ತದಂತೆ. ಕೊಡೆ ಹಿಡಿದವರು ಕಡಿಮೆ. ಹಿಡಿದರೆ ಗಾಳಿ ಕಿತ್ತುಕೊಂಡು ಹೋಗುತ್ತದೆ, ನಮ್ಮದನ್ನು ಮೊದಲ ದಿನವೇ ಕಿತ್ತುಕೊಂಡಿತು.

ನಮ್ಮನ್ನು ಕರೆಸಿಕೊಂಡವರ ಪೈಕಿ ಮುಖ್ಯರಾದವರು ಮೋಯ್ರಾ. ಅರವತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಬಾಡಿಗೆ ಮನೆಗಳಲ್ಲಿರುವವರ ಸಂಘವೊಂದನ್ನು ನಡೆಸುತ್ತಾರೆ, ಬುಧವಾರ ಬುಧವಾರ ಹಳೆಯ ಚರ್ಚಿನ ಹಾಲಿನಲ್ಲಿ ಊಟ ಹಾಕುತ್ತಾರೆ. ಕಂಡ ಹೆಂಗಸರನ್ನೆಲ್ಲ 'ಹೆನ್' ಎಂದು ಕರೆಯುತ್ತಾರೆ. ಅದು ಆ ಊರಿನ ಅಕ್ಕರೆಯ ಮಾತು, ಅರ್ಥ ಮಾತ್ರ ಕೋಳಿ ಎಂದು. ತಾಯಕ್ಕನಿಗೆ ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ.

"ನಾವು 'ಮರಿ' ಅನ್ನಲ್ವಾ, ಅಂಗೇ ಬುಡು," ಎಂದರು.

ಹಾಲಿನಲ್ಲಿ ಸುಮಾರು ಜನ ಸಾಲು ನಿಂತಿದ್ದರು. ಬೇಳೆಯ ಗಟ್ಟಿ ಸೂಪು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಬದಿಯ ಮೇಜಿನ ಮೇಲೆ ಅಂಗಡಿಗಳಲ್ಲಿ ಮಿಕ್ಕ ತರಕಾರಿ, ಬೇಕಾದವರು ಚೀಲಕ್ಕೆ ಹಾಕಿಕೊಳ್ಳಬಹುದು. ನಾನು ಗಮನಿಸಿದ್ದು ಸಾಲಿನ ಮೌನವನ್ನು. ಗಾವಡಗೆರೆಯಲ್ಲಿ ರೇಷನ್ ಕೊಡುವ ದಿನ ನನ್ನ ಸೋದರತ್ತೆಯ ದನಿ ಬಸ್ಸಿನೊಳಗೂ ಕೇಳಿಸುತ್ತದೆ. ಇಲ್ಲಿ ಜನ ಕಣ್ಣು ತಪ್ಪಿಸಿ ತಟ್ಟೆ ತೆಗೆದುಕೊಳ್ಳುತ್ತಿದ್ದರು. ಇಷ್ಟು ದೊಡ್ಡ ಕಲ್ಲಿನ ಕಟ್ಟಡಗಳ ದೇಶದಲ್ಲಿ ಸೂಪಿಗೆ ಸಾಲೇಕೆ ಎಂದು ಮೋಯ್ರಾರನ್ನು ನೇರವಾಗಿ ಕೇಳಿದೆ.

"ಆ ಕಟ್ಟಡಗಳ ಒಳಗೇ ಇವರು ಇರೋದು," ಎಂದರು. "ಬಾಡಿಗೆ ಕಟ್ಟಿದ ಮೇಲೆ ಮನೆ ಬೆಚ್ಚಗೆ ಮಾಡಿಕೊಳ್ಳೋದೋ ಹೊಟ್ಟೆ ಬೆಚ್ಚಗೆ ಮಾಡಿಕೊಳ್ಳೋದೋ, ಒಂದನ್ನ ಆರಿಸಿಕೊಳ್ಳಬೇಕು. ಅದಕ್ಕೇ ನಮ್ಮಲ್ಲಿ ಊಟದ ಕೆಲಸ, ಮನೆ ಕೆಲಸ ಎರಡೂ ಒಂದೇ ಸಂಘದ್ದು."

ತಾಯಕ್ಕನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರು ಬೇರೊಂದನ್ನು ನೋಡುತ್ತಿದ್ದರು. "ಇಲ್ಲೂ ಹೆಸ್ರು ಕೇಳಲ್ಲ ಕಣಮ್ಮಿ. ನಮ್ ಚಪ್ಪರದಂಗೇ." ಅಷ್ಟು ಹೇಳಿ ಸೀದಾ ಅಡುಗೆ ಮನೆಗೆ ನುಗ್ಗಿದರು. ಅತಿಥಿಗಳು ಕೂತುಕೊಳ್ಳಬೇಕು ಎಂದು ಇಬ್ಬರು ಬೇಡಿಕೊಂಡರೂ ಕೇಳಲಿಲ್ಲ. ಅಲ್ಲಿನ ನಿಯಮದಂತೆ ತುರುಬಿಗೆ ನೀಲಿ ಬಲೆ, ಕೈಗೆ ಗವಸು. ಆ ವೇಷದಲ್ಲಿ ಒಂದು ಮೂಟೆ ಆಲೂಗಡ್ಡೆ ಹೆರೆದರು. ಸೂಪಿನ ರುಚಿ ನೋಡಿ ನನ್ನ ಕಿವಿಯಲ್ಲಿ, "ಒಗ್ರಣೆ ಮರ್ತವ್ರೆ, ಪಾಪ," ಎಂದರು. ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಗುರುವಾರ: ಆರು ನಿಮಿಷ

ಭಾಷಣಕ್ಕೆ ಆರು ನಿಮಿಷ ಕೊಟ್ಟಿದ್ದರು. ನನ್ನ ಅನುವಾದವೂ ಸೇರಿ ಹನ್ನೆರಡು. ಬೇರೆ ಬೇರೆ ಊರುಗಳಿಂದ ಊಟದ, ಮನೆಯ, ಕೇರಿಯ ಕೆಲಸ ಮಾಡುವವರು ಬಂದಿದ್ದರು. ತಾಯಕ್ಕ ಚೆನ್ನಾಗಿಯೇ ಮಾತಾಡಿದರು. ಹನ್ನೊಂದು ದಿನದ ಧರಣಿ, ಚಪ್ಪರ, ಮುಯ್ಯಾಳು. ಆಮೇಲೆ ಮುಂದಿನ ಸಾಲಿನ ಕನ್ನಡಕದವರೊಬ್ಬರು ಕೇಳಿದರು: ನಿಮ್ಮ ಸ್ವಂತ ಮನೆ ಹೇಗಿದೆ?

ತಾಯಕ್ಕ ಉದ್ದಕ್ಕೆ ಉತ್ತರಿಸಿದರು. ಗೋಡೆ ಎದ್ದದ್ದು, ಮೋಲ್ಡಿನ ದಿನ, ಐದು ಜನ, ವಾಪಸು ಹೋದ ಮಿಷನ್ನು, ಟಾರ್ಪಾಲಿನ ಶೆಡ್ಡು, ಎಲ್ಲ. ನಾನು ಮೈಕಿನಲ್ಲಿ ಹೇಳಿದ್ದು ಒಂದೇ ವಾಕ್ಯ: ಅವರ ಮನೆಯ ಕೆಲಸ ನಡೆಯುತ್ತಿದೆ.

ಯಾಕೆ ಹಾಗೆ ಮಾಡಿದೆ? ಊರಿನ ಮಾನ ಎಂದುಕೊಂಡೆನೋ ಏನೋ. ಬೇರೆಯವರ ಹೇಳಿಕೆಯಲ್ಲಿ ಬಿಟ್ಟದ್ದನ್ನು ಹುಡುಕುವವಳು ನಾನೇ ಬಿಟ್ಟೆ. ತಾಯಕ್ಕ ಮೈಕಿನ ಮುಂದೆಯೇ ನನ್ನ ಕಡೆ ತಿರುಗಿದರು.

"ನಾನು ಅಷ್ಟುದ್ದ ಹೇಳ್ದೆ. ನೀನು ಇಷ್ಟೇ ಹೇಳ್ದೆ. ಮಿಕ್ಕುದ್ದು ಎಲ್ಲೋಯ್ತಮ್ಮಿ?"

ಸಭೆಗೆ ಕನ್ನಡ ಬಾರದಿದ್ದರೂ ಏನಾಯಿತೆಂದು ಎಲ್ಲರಿಗೂ ತಿಳಿಯಿತು. ಯಾರೋ ನಕ್ಕರು. ಕ್ಷಮೆ ಕೇಳಿ ಎಲ್ಲವನ್ನೂ ಮತ್ತೆ ಹೇಳಿದೆ. ಸಹಾನುಭೂತಿಯ ಮುಖಗಳನ್ನು ನಾನು ನಿರೀಕ್ಷಿಸಿದ್ದೆ, ಆದರೆ ಅಲ್ಲಲ್ಲಿ ತಲೆಗಳು ಅಲ್ಲಾಡುತ್ತಿದ್ದವು, ಇದು ತಮಗೂ ಗೊತ್ತು ಎನ್ನುವಂತೆ. ಮೋಯ್ರಾ ತೊಡೆ ತಟ್ಟಿಕೊಂಡು ದೊಡ್ಡದಾಗಿ ನಕ್ಕರು.

"ನಮ್ಮಲ್ಲೂ ಇದೇ! ಗೋಡೆಯ ಬೂಸಲು ಹೋಗೋವರೆಗೆ ಮೀಟಿಂಗಿಗೆ ದಿನಾ ಬರ್ತಾರೆ. ಗೋಡೆ ಒಣಗಿತೋ, ಮುಖ ಕಾಣಲ್ಲ. ಅದಕ್ಕೆ ಏನು ಮಾಡ್ತೀರಿ ನೀವು?"

"ಏನ್ ಮಾಡೋದು," ಎಂದರು ತಾಯಕ್ಕ. "ಕಾಯ್ತೀನಿ."

ಮೋಯ್ರಾ ನಗು ನಿಲ್ಲಿಸಿದರು. "ಶನಿವಾರ ನನ್ನ ಜೊತೆ ಬನ್ನಿ," ಎಂದರು.

ಪೇಪರಿನ ಫೋಟೊ ಅದಾದ ಐದು ನಿಮಿಷಕ್ಕೆ ತೆಗೆದದ್ದು. ಪಾಠ ಹೇಳಿದವರು ಯಾರು, ಹೇಳಿಸಿಕೊಂಡವರು ಯಾರು ಎಂದು ಅದನ್ನು ನೋಡಿ ಹೇಳಲಾಗುವುದಿಲ್ಲ.

ಶನಿವಾರ: ಮೆಟ್ಟಿಲು

ಆ ಊರಿನ ಹಳೆಯ ಮನೆಗಳು ನಾಲ್ಕು ಅಂತಸ್ತಿನವು. ಕಲ್ಲಿನ ಒಂದೇ ಮೆಟ್ಟಿಲು, ಅದರ ಎರಡೂ ಬದಿಗೆ ಮನೆಗಳು, ಎಲ್ಲ ಬಾಗಿಲೂ ಮುಚ್ಚಿದ್ದವು. ಅಬ್ಬ ಕಂಡಿದ್ದರೆ ಆ ಬಾಗಿಲುಗಳ ಮರಕ್ಕೆ ಕೈ ಮುಗಿಯುತ್ತಿದ್ದರು. ಆದರೆ ಹಗಲು ಹೊತ್ತಿನಲ್ಲಿ ಇಷ್ಟು ಬಾಗಿಲು ಮುಚ್ಚಿರುವುದನ್ನು ತಾಯಕ್ಕ ಕಂಡಿರಲಿಲ್ಲ.

"ಎಲ್ರೂ ಊರಿಗೋಗವ್ರಾ?"

"ಇಲ್ಲ, ಒಳಗೇ ಇದ್ದಾರೆ."

"ಹಂಗಾದ್ರೆ ಯಾಕೆ ಹಾಕವ್ರೆ?"

ಪ್ರತಿ ಶನಿವಾರ ಮೋಯ್ರಾ ಮತ್ತು ಸಂಘದವರು ಒಂದೊಂದು ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾರೆ. ತಟ್ಟಿ ಕೇಳುತ್ತಾರೆ: ಮನೆ ಸೋರುತ್ತದೆಯೇ, ಬುಧವಾರ ಊಟಕ್ಕೆ ಬರುತ್ತೀರಾ, ಕೆಲಸಕ್ಕೆ ಬರುತ್ತೀರಾ. ಬಿಟ್ಟುಹೋದವರನ್ನೂ ಹಾಗೆಯೇ: ಯಾಕೆ ಬರುತ್ತಿಲ್ಲ? ಅವರ ಸಂಘ ನಿಂತಿರುವುದೇ ಈ ಕೇಳುವುದರ ಮೇಲೆ. ನನಗೆ ಒಳಗೊಳಗೇ ಗೆದ್ದ ಖುಷಿ. ತಾಯಕ್ಕ ಮಾತ್ರ ನಮಗಿಂತ ಎರಡು ಮೆಟ್ಟಿಲು ಕೆಳಗೆ, ಗೋಡೆಯ ಕಡೆ ಮುಖ ಮಾಡಿ ನಿಂತರು. ಬೇರೊಬ್ಬರು ಮಾಡುತ್ತಿದ್ದರೂ ನಾಚಿಕೆ ಅವರದೇ.

ಮೊದಲ ಬಾಗಿಲನ್ನು ಒಳಗಿನ ಸರಪಳಿ ಬಿಡುವಷ್ಟೇ ತೆರೆದು, ಒಬ್ಬ ಗಂಡಸು "ಬೇಡ" ಎಂದು ಮುಚ್ಚಿದ. ಎರಡನೆಯದರಲ್ಲಿ ನಾಯಿ ಮಾತ್ರ ಉತ್ತರ ಕೊಟ್ಟಿತು. ತಾಯಕ್ಕ ನನ್ನನ್ನು ನೋಡಿದರು. ನೋಡಿದ್ಯಾ, ಎಂದು ಆ ನೋಟದ ಅರ್ಥ.

ಮೂರನೆಯ ಬಾಗಿಲು ಆಗ್ನೆಸ್ ಎಂಬ ಹೆಂಗಸಿನದು. ವಯಸ್ಸು ಐವತ್ತರ ಹತ್ತಿರ, ಕಾಲಿಗೆ ಮನೆಯೊಳಗಿನ ಮೆತ್ತನೆ ಚಪ್ಪಲಿ. ಮೋಯ್ರಾರನ್ನು ಕಂಡ ಕೂಡಲೇ ಅವರ ಕತ್ತು ಕೆಂಪಾಯಿತು. ಅವರ ಮಲಗುವ ಕೋಣೆಯ ಗೋಡೆ ಬೂಸಲು ಹಿಡಿದು ಕಪ್ಪಾಗಿದ್ದಾಗ ಸಂಘದವರು ಮಾಲೀಕನ ಹಿಂದೆ ಬಿದ್ದು ಅದನ್ನು ಕೀಳಿಸಿ, ಹೊಸ ಗಾರೆ ಮಾಡಿಸಿದ್ದರು. ಅದಾದ ಮೇಲೆ ಆಗ್ನೆಸ್ ಚರ್ಚಿನ ಹಾಲಿನ ಕಡೆ ತಲೆ ಹಾಕಿರಲಿಲ್ಲ.

"ಯಾಕೆ ಬರ್ತಿಲ್ಲ, ಹೆನ್?" ಮೋಯ್ರಾ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಗ್ನೆಸ್ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ. "ಯಾರೂ ಕೇಳಲಿಲ್ಲ," ಎಂದರು. ಆಮೇಲೆ ತಾವೇ ತಿದ್ದಿಕೊಂಡರು. "ಅಲ್ಲ, ಅದಲ್ಲ. ಮೊದಲು ಆದದ್ದು ನನ್ನ ಗೋಡೆ. ಮೇಲಿನ ಮನೆಯ ಮುದುಕಪ್ಪನ ಗೋಡೆ ಇನ್ನೂ ಒದ್ದೆಯಾಗಿತ್ತು. ಅವರು ಕೆಮ್ಮೋದು ಕೇಳ್ತಿತ್ತು ನಂಗೆ, ನನ್ನ ಒಣಗಿದ ಕೋಣೇಲಿ ಮಲಗಿ. ಯಾವ ಮುಖ ಹೊತ್ತು ಬರಲಿ? ತನ್ನದಾಯ್ತು, ಹೋದಳು ಅಂತ ಎಲ್ಲರೂ ಅಂದುಕೊಂಡಿರ್ತೀರಿ ಅಂದುಕೊಂಡೆ. ಒಂದು ವಾರ ತಪ್ಪಿಸಿದೆ. ಎರಡನೇ ವಾರ ಇನ್ನೂ ಕಷ್ಟವಾಯ್ತು. ಆಮೇಲೆ ನನ್ನಂಥವಳು ನಿಮಗೆ ಬೇಕಿಲ್ಲ ಅಂತ ಖಾತ್ರಿಯಾಯ್ತು."

ಕೆಳಗಿನಿಂದ ತಾಯಕ್ಕ, "ಏನಂತೆ?" ಎಂದರು.

ಈ ಸಲ ಒಂದಕ್ಷರ ಬಿಡಲಿಲ್ಲ. ಕೆಮ್ಮನ್ನೂ ಸೇರಿಸಿ ಹೇಳಿದೆ.

"ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದೆ. ತಾಯಕ್ಕ ಎರಡು ಮೆಟ್ಟಿಲು ಹತ್ತಿ ಬಂದು ಆಗ್ನೆಸ್‌ರ ಎದುರು ನಿಂತರು. "ಕೇಳಕ್ ಬಂದ್ರಲ್ಲ, ಬೇಜಾರಾಯ್ತಾ ಅಂತ ಕೇಳಮ್ಮಿ ಅವ್ರುನ್ನ."

ಆಗ್ನೆಸ್ ಯೋಚಿಸಿದರು. "ಮೊದಲು ಆಯ್ತು," ಎಂದರು. "ಟೀ ಕುಡೀತೀರಾ?"

ಟೀ ಕುಡಿದೆವು. ಒಣಗಿದ ಗೋಡೆಯನ್ನು ನೋಡಿದೆವು. ಇಳಿಯುವಾಗ ತಾಯಕ್ಕ ಒಂದೊಂದೇ ಮೆಟ್ಟಿಲು ಇಳಿದರು. ಬೀದಿಗೆ ಬಂದ ಮೇಲೆ, ಮಳೆಯಲ್ಲಿ ನಿಂತು, "ಸಿದ್ರಾಜಂದೂ ಮೊದಲ್ನೇ ಮನೆ ಕಣಮ್ಮಿ," ಎಂದರು.

"ಅವರಿಗೂ ಹೀಗೇ ಅನ್ನಿಸಿರಬೇಕು ಅಂತ ಹೇಳಕ್ಕಾಗಲ್ಲ ತಾಯಕ್ಕ. ಒಬ್ಬರನ್ನ ನೋಡಿ ಇನ್ನೊಬ್ಬರನ್ನ..."

"ಅವ್ನ್ ಮನೆ ಮೋಲ್ಡಾಗಿ ತಿಂಗ್ಳಿಗೆ ಮಳೆ ಬಂತು. ನಾವೆಲ್ಲ ಟಾರ್ಪಾಲಲ್ಲಿ ನೆನೀತಾ ಕೂತಿದ್ವಿ. ಎಲ್ರೂನೂ ಒಳಕ್ಕೆ ಕರ್ದ. ಕಾಲಲ್ಲಿ ಕೆಸರು ಅಂತ ನಾನೇ ಓಗ್ಲಿಲ್ಲ. ನಾನ್ ಓಗ್ಲಿಲ್ಲ ಅಂತ ಯಾರೂ ಓಗ್ಲಿಲ್ಲ." ಮುಖದ ಮಳೆನೀರು ಒರೆಸಿಕೊಂಡು ಹೇಳಿದರು, "ಬಾಗ್ಲಲ್ಲೇ ನಿಂತಿದ್ದ, ಮಳೆ ನಿಲ್ಲೋಗಂಟ."

ಎರಡನೇ ಬುಧವಾರ: ಮುದ್ದೆ

ಹೊರಡಲು ಮೂರು ದಿನ ಇದ್ದಾಗ ಚರ್ಚಿನ ಹಾಲಿನಲ್ಲಿ ಮುದ್ದೆ, ಹುರುಳಿ ಸಾರು. ಕೋಲಿಲ್ಲ ಎಂದಾಗ ಮೋಯ್ರಾ ತಮ್ಮ ಅಜ್ಜಿಯ ಕಾಲದ ಒಂದು ಮರದ ಕಡ್ಡಿ ತಂದರು. ಓಟ್ಸ್ ಗಂಜಿ ತಿರುವಲು ಅವರಲ್ಲಿ ಅಂಥದ್ದೇ ಒಂದಿದೆ, ಸ್ಪರ್ಟಲ್ ಎನ್ನುತ್ತಾರೆ, ನಮ್ಮ ಕೋಲಿನ ತಂಗಿಯಂತಿದೆ. ಗಂಜಿಗೆ ಸರಿ. ಮುದ್ದೆಗೆ ತಾಯಕ್ಕ ಎರಡು ಸುತ್ತು ತಿರುವಿದ್ದೇ ತಡ, ಲಟಕ್ಕೆಂದು ಮುರಿಯಿತು. ತಾಯಕ್ಕ ಅಜ್ಜಿಯ ಹೆಸರಿಗೆ ಕೈ ಮುಗಿದು ತಪ್ಪೊಪ್ಪಿಕೊಂಡರು. ಕೊನೆಗೆ ತೋಟದ ಹೊಸ ಗುದ್ದಲಿಯ ಕಾವನ್ನು ಕತ್ತರಿಸಿ, ಉಜ್ಜಿ ತೊಳೆದು, ಬಿಸಿನೀರಲ್ಲಿ ಅದ್ದಿ, ಮುದ್ದೆ ಕಟ್ಟಾಯಿತು. 'ಜಗಿಯಬೇಡಿ, ನುಂಗಿ' ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದೆ. ಎಲ್ಲರೂ ಜಗಿದರು. ಆಗ್ನೆಸ್‌ರ ಮೇಲಿನ ಮನೆಯ ಮುದುಕಪ್ಪ ಮಾತ್ರ ಹಲ್ಲಿಲ್ಲದ್ದರಿಂದ ಸರಿಯಾಗಿ ತಿಂದು ಇನ್ನೊಂದು ಕೇಳಿದರು.

ನನ್ನ ಕಣ್ಣು ಬಾಗಿಲಿನ ಕಡೆ. ಸರಪಳಿ ಬಾಗಿಲಿನವನು ಬರಲಿಲ್ಲ. ಆಗ್ನೆಸ್ ಕೂಡ ಬರಲಿಲ್ಲ. ಕೇಳಬೇಕು ಎನ್ನುವುದು ನನ್ನದೇ ವಾದವಾದರೂ ಆ ಹೊತ್ತಿಗೆ ಅದರ ಕಾಲು ನಡುಗುತ್ತಿತ್ತು. ಕೇಳಿದರೂ ಬಾರದಿದ್ದರೆ? ಕೇಳದೆ ಕಾಯುವವರಿಗೆ ಕೊನೇಪಕ್ಷ ಮಾನ ಉಳಿಯುತ್ತದೆ.

"ಬರದಿದ್ದರೆ ಏನು ಮಾಡ್ತೀರಿ?" ಮೋಯ್ರಾರನ್ನು ಕೇಳಿದೆ.

"ಶನಿವಾರ ಮತ್ತೆ ತಟ್ತೀನಿ. ಆರು ಸಲ ತಟ್ಟಿಸಿಕೊಂಡ ಬಾಗಿಲು ಇದೆ ಇಲ್ಲಿ. ಅದರ ಒಡತಿ ಈಗ ನಿನ್ನ ತಟ್ಟೆಗೆ ಸಾರು ಬಡಿಸಿದಳು."

ಊಟ ಮುಗಿದು, ಪಾತ್ರೆಗಳು ಗುಡ್ಡೆ ಬಿದ್ದ ಮೇಲೆ ಆಗ್ನೆಸ್ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಕೋಟಿನ ಜೇಬಿನಿಂದ ತಮ್ಮದೇ ರಬ್ಬರ್ ಗವಸು ತೆಗೆದು ಹಾಕಿಕೊಂಡು, ತಳ ಹಿಡಿದ ಮುದ್ದೆ ಪಾತ್ರೆಯ ಮುಂದೆ ನಿಂತರು. ರಾಗಿ ಅಂಟಿದ ಪಾತ್ರೆ ತಿಕ್ಕುವುದು ಏನೆಂದು ಬಲ್ಲವರೇ ಬಲ್ಲರು. ಪಕ್ಕದಲ್ಲಿ ತಾಯಕ್ಕ ನಿಂತು, ಬೂದಿ ಇಲ್ಲದ ಊರಿನಲ್ಲಿ ಉಪ್ಪು ಹಾಕಿ ಉಜ್ಜುವುದನ್ನು ಕೈಸನ್ನೆಯಲ್ಲಿ ತೋರಿಸಿಕೊಟ್ಟರು. ಅವರಿಬ್ಬರಿಗೆ ದುಭಾಷಿ ಬೇಕಾಗಲಿಲ್ಲ.

ಒಬ್ಬರು ಬಂದದ್ದರಿಂದ ಏನೂ ಸಾಬೀತಾಗುವುದಿಲ್ಲ. ಇದನ್ನು ದಾಖಲಿಸುತ್ತೇನೆ. ಆದರೂ ಆ ಹೊತ್ತಿನಲ್ಲಿ ನನಗೆ ಆದ ಖುಷಿ ಯಾವ ಕಪ್ಪು ಗೆದ್ದಾಗಲೂ ಆಗಿರಲಿಲ್ಲ, ಅದನ್ನೂ ದಾಖಲಿಸುತ್ತೇನೆ.

ಹಂಪಾಪುರದ ಹತ್ತಿರ: ತೆರೆದ ಬಾಗಿಲು

ಭಾನುವಾರ ಬಂದಿಳಿದೆವು. ಸೋಮವಾರ ಚಪ್ಪರದಲ್ಲಿ ತಾಯಕ್ಕ ಮೋಲ್ಡಿನ ದಿನ ಹೇಳಿದರು: ಶುಕ್ರವಾರ. ಸಿದ್ದರಾಜಣ್ಣ ಅಲ್ಲಿರಲಿಲ್ಲ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ನೋಡಲು ಹೋಗಿದ್ದಾರೆ ಎಂದರು ಅಲ್ಲಿದ್ದವರು. ಮಂಗಳವಾರ ತಾಯಕ್ಕ ಅವರ ಮನೆಯ ಕಡೆ ಹೊರಟು, ಅರ್ಧ ದಾರಿಯಲ್ಲಿ ಯಾರದೋ ಆಡು ಕಟ್ಟಲು ತಿರುಗಿಕೊಂಡರು. ಬುಧವಾರ ಹೊರಡಲೇ ಇಲ್ಲ.

ಇವತ್ತು ಮಧ್ಯಾಹ್ನ ಅಬ್ಬ ಹೊಸ ಮುದ್ದೆ ಕೋಲು ಕಡೆದು ಕೊಟ್ಟಿದ್ದರು, ಅದನ್ನು ಕೊಡಲು ಹೋದೆ. ತಾಯಕ್ಕ ಸೂರಿಲ್ಲದ ಮನೆಯೊಳಗೆ ಕೂತು ಮೇಲೆ ನೋಡುತ್ತಿದ್ದರು. ಮೋಲ್ಡಿಗೆ ಆಸರೆಯಾಗುವ ಸೆಂಟ್ರಿಂಗ್ ಹಲಗೆ ಹೊಡೆದು, ಕಂಬಿ ಕಟ್ಟಿ ಆಗಿತ್ತು. ಹೋದ ಸಲ ಬಂದಿದ್ದ ಐದು ಜನವೇ ಅಷ್ಟು ಮಾಡಿದ್ದರು.

"ನಡಿಯಮ್ಮಿ," ಎಂದರು. "ಮಾತಾಡ್ಬ್ಯಾಡ, ಸುಮ್ನೆ ಜೊತೆಗಿರು."

ಸಿದ್ದರಾಜಣ್ಣನ ಮನೆ ಕಾಲೊನಿಯ ಮೊದಲನೆಯದು. ಬಾಗಿಲು, ನಮ್ಮೂರಿನ ಎಲ್ಲ ಬಾಗಿಲುಗಳ ಹಾಗೆ, ಪೂರಾ ತೆರೆದಿತ್ತು. ಇಂಥಲ್ಲಿ ಜನ ಅಂಗಳದಿಂದಲೇ ಕೂಗುತ್ತಾರೆ, ಇಲ್ಲವೇ ನೇರ ಒಳಗೆ ಹೋಗುತ್ತಾರೆ. ತಾಯಕ್ಕ ಹೊಸ್ತಿಲ ಮುಂದೆ ನಿಂತು, ಕೈ ಎತ್ತಿ, ಅಬ್ಬ ಮಾಡಿದ ಬಾಗಿಲುವಾಡಕ್ಕೆ ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿದರು. ಥೇಟ್ ಮೋಯ್ರಾರ ಹಾಗೆ.

"ಯಾರ್ಲಾ ಅದು ತಟ್ತಿರಾದು? ಬಾಗ್ಲು ತೆಗ್ದೇ ಐತಲ್ಲ!" ಒಳಗಿನಿಂದ ದನಿ ಬಂತು. ಹಿಂದೆಯೇ ಸಿದ್ದರಾಜಣ್ಣ ಬಂದರು. ಬೆರಳುಗಳಿಗೆ ಹೊಗೆಸೊಪ್ಪಿನ ಕಪ್ಪು ಅಂಟು ಮೆತ್ತಿತ್ತು. ತಾಯಕ್ಕನನ್ನು ಕಂಡು ಕೈಯನ್ನು ಪಂಚೆಗೆ ಒರೆಸಿಕೊಂಡರು, ಅದು ಹೋಗುವ ಅಂಟಲ್ಲ.

"ಬನ್ನಿ ತಾಯಕ್ಕ, ಒಳಕ್ಕೆ ಬನ್ನಿ. ಪೇಪರ್ನಲ್ಲಿ ನೋಡ್ದೆ. ಬಿಳೀರ್ಗೆಲ್ಲ ಪಾಠ ಹೇಳ್ಬುಟ್ಟು ಬಂದ್ರಂತೆ."

"ಪಾಠನೂ ಇಲ್ಲ ಏನೂ ಇಲ್ಲ ಕಣಪ್ಪ. ಇಟ್ಟು ತಿರುವ್ಕೊಟ್ಟು ಬಂದೆ." ತಾಯಕ್ಕ ಕಾಲು ಒರೆಸಿಕೊಂಡು ಹೊಸ್ತಿಲು ದಾಟಿದರು. ಆ ಮನೆಯೊಳಗೆ ಅವರು ಕಾಲಿಟ್ಟದ್ದು, ಮೋಲ್ಡಾದ ಮೇಲೆ, ಅದೇ ಮೊದಲು. ಅದು ಸಿದ್ದರಾಜಣ್ಣನಿಗೂ ತಿಳಿಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಅವರ ಹೆಂಡತಿ ಗೌರಮ್ಮ ಚಾಪೆ ತಂದು ಹಾಸಿದರು. ತಾಯಕ್ಕ ಕೂರಲಿಲ್ಲ.

"ಸಿದ್ರಾಜ," ಎಂದರು. ಗಂಟಲು ಸರಿಮಾಡಿಕೊಂಡರು. ತಾಲ್ಲೂಕು ಆಫೀಸಿನ ಮುಂದೆ ಹನ್ನೊಂದು ದಿನ ಕೂಗಿದ ಗಂಟಲು ಅದು. "ಅವತ್ತು ಮಳೇಲಿ ನೀ ಕರ್ದಾಗ ನಾನು ಒಳಕ್ಕೆ ಬರ್ಬೇಕಿತ್ತು. ಬರ್ಲಿಲ್ಲ. ಅದು ನನ್ ತಪ್ಪು. ಈಗ ನಾನು ಕೇಳಕ್ ಬಂದಿವ್ನಿ. ನಾಳಿಕ್ಕೆ ನಮ್ಮನೆ ಮೋಲ್ಡು. ಬತ್ತೀಯಾ?"

ಸಿದ್ದರಾಜಣ್ಣ ತಲೆ ಎತ್ತಿ ತಮ್ಮ ಮನೆಯ ತಾರಸಿಯನ್ನು ನೋಡಿದರು. ಅದರಲ್ಲಿ ಎಲ್ಲೂ ಒಂದು ಗೆರೆ ಇಲ್ಲ. ಒಂದೇ ದಿನಕ್ಕೆ ಮುಗಿದ ಮೋಲ್ಡು. ಏನಾದರೂ ಹೇಳೋಣ ಎಂದು ನನ್ನ ನಾಲಿಗೆ ತುದಿಗೆ ನಾಲ್ಕು ವಾದ ಬಂದವು, ಸುಮ್ಮನಿರು ಎಂದಿದ್ದರಿಂದ ಸುಮ್ಮನಿದ್ದೆ. ಅಷ್ಟರಲ್ಲಿ ಗೌರಮ್ಮ ಹಿತ್ತಿಲಿಗೆ ಹೋದರು. ಸೌದೆಯ ಕೆಳಗಿನಿಂದ ಕಬ್ಬಿಣದ ಏನನ್ನೋ ಎಳೆದ ಸದ್ದು ಕೇಳಿತು. ನಾಳೆ ಗಾರೆ ಹೊರುವ ಬಾಂಡ್ಲಿ ಇರಬೇಕು, ನೀರು ಕಾಯಿಸುವ ಹಂಡೆಯೂ ಇರಬಹುದು. ನಾನು ನೋಡಲಿಲ್ಲ. ತಾಯಕ್ಕನಿಗೆ ಆ ಸದ್ದು ಕೇಳಿಸಿತೋ ಇಲ್ಲವೋ, ಅವರ ಕಣ್ಣು ಸಿದ್ದರಾಜಣ್ಣನ ಮುಖ ಬಿಟ್ಟು ಕದಲಲಿಲ್ಲ. ಇನ್ನೊಮ್ಮೆ, ಮೊದಲಿಗಿಂತ ಮೆಲ್ಲಗೆ ಕೇಳಿದರು:

"ಬತ್ತೀಯಾ ಸಿದ್ರಾಜ?"